ಅಂಗಡಿ ಎಸಿಯಿಂದ ತೊಟ್ಟಿಕ್ಕುವ ನೀರಿಗೂ ಒಂದು ಕಥೆ ಇದೆ: ಗಾಳಿಯನ್ನು ಲೆಕ್ಕಕ್ಕೆ ತಂದ ವಿಲ್ಲಿಸ್ ಕ್ಯಾರಿಯರ್

ಬಟ್ಟೆ ಅಂಗಡಿ, ಮೆಡಿಕಲ್ ಶಾಪ್, ಎಟಿಎಂ, ಸ್ವೀಟ್ ಸ್ಟಾಲ್. ಎಸಿ ಇರುವ ಯಾವ ಮಳಿಗೆಯ ಪಕ್ಕದ ಸಂದಿಗೆ ಹೋದರೂ ಒಂದೇ ದೃಶ್ಯ. ಗೋಡೆಯಿಂದ ಸಣ್ಣ ಪೈಪ್ ಹೊರಗೆ ಬಂದಿರುತ್ತೆ, ಅದರಿಂದ ತೊಟ್ಟು ತೊಟ್ಟಾಗಿ ನೀರು ಬೀಳ್ತಾ ಇರುತ್ತೆ. ಕೆಲವರು ಕೆಳಗೆ ಬಕೆಟ್ ಇಟ್ಟಿರ್ತಾರೆ. ಇನ್ನು ಕೆಲವರ ನೀರು ಪಕ್ಕದ ಅಂಗಡಿಯ ಮುಂದೆ ಹರಿದು ಬೆಳಿಗ್ಗೆ ಬೆಳಿಗ್ಗೆಯೇ ಜಗಳ ಆಗುತ್ತೆ.

ಆ ನೀರನ್ನು ಯಾರೂ ಯಂತ್ರಕ್ಕೆ ತುಂಬಿಸಿದ್ದಲ್ಲ. ಅಂಗಡಿಯೊಳಗಿನ ಗಾಳಿಯಲ್ಲೇ ಇದ್ದ ತೇವ ಅದು. ಇವತ್ತಿನ ಎಸಿಯ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಸೆಕೆಯ ಕಥೆಯಲ್ಲ, ಈ ತೇವದ ಕಥೆ. ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕಾಗದ ಉಬ್ಬುತ್ತಿದೆ ಎಂಬ ದೂರು ಬಂದಿತ್ತು. ಅದನ್ನು ಬಗೆಹರಿಸಲು ಕೂತ 25 ವರ್ಷದ ಹುಡುಗನ ಹೆಸರು ವಿಲ್ಲಿಸ್ ಕ್ಯಾರಿಯರ್.

ಸೇಬು ಹೆಚ್ಚಿ ಕಲಿತ ಲೆಕ್ಕ

ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆ್ಯಂಗೋಲಾ ಎಂಬ ಊರಿನ ಹತ್ತಿರ. ನ್ಯೂಯಾರ್ಕ್ ಅಂದ ತಕ್ಷಣ ದೊಡ್ಡ ಪಟ್ಟಣ ಕಣ್ಣಿಗೆ ಬರುತ್ತೆ. ಆದರೆ ಈ ಊರು ಆ ಪಟ್ಟಣದಿಂದ ಬಹಳ ದೂರ, ಈರಿ ಎಂಬ ದೊಡ್ಡ ಸರೋವರದ ಹತ್ತಿರ ಇರುವ ಹಳ್ಳಿಗಾಡು. ಚಳಿಗಾಲ ಬಂದರೆ ಹಿಮ ಸುರಿಯುವ ಜಾಗ. ಬೇಸಾಯದ ಮನೆ, ಒಬ್ಬನೇ ಮಗ.

ಶಾಲೆಯಲ್ಲಿ ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಅವನ ತಾಯಿ ಎಲಿಜಬೆತ್ ಕೆಟ್ಟ ಗಡಿಯಾರ, ಹೊಲಿಗೆ ಯಂತ್ರವನ್ನು ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದ ಹೆಂಗಸು. ಮಗನಿಗೆ ಬೈಯಲಿಲ್ಲ. ನೆಲಮಾಳಿಗೆಯಿಂದ ಒಂದು ಪಾತ್ರೆ ಸೇಬು ತರಿಸಿದರು. ಅರ್ಧ ಹೆಚ್ಚಿಸಿದರು, ಕಾಲು ಹೆಚ್ಚಿಸಿದರು, ಅರೆಕಾಲು ಹೆಚ್ಚಿಸಿದರು. ಕೂಡಿಸು, ಕಳೆ ಅಂತ ಆ ಹೋಳುಗಳಲ್ಲೇ ಲೆಕ್ಕ ಮಾಡಿಸಿದರು. ಕಣ್ಣಿಗೆ ಕಾಣುವ ವಸ್ತುವಾಗಿ ಬಿಡಿಸಿಟ್ಟರೆ ಎಂಥ ಕಷ್ಟದ ಲೆಕ್ಕವೂ ಬಿಡುತ್ತೆ ಅನ್ನೋದು ಅವತ್ತು ಹುಡುಗನ ತಲೆಯಲ್ಲಿ ಕೂತಿತು. ತನ್ನ ಬದುಕಿನ ದೊಡ್ಡ ಪಾಠ ಅದೇ ಅಂತ ಮುಂದೆ ದೊಡ್ಡವರಾದ ಮೇಲೂ ಕ್ಯಾರಿಯರ್ ನೆನೆಯುತ್ತಿದ್ದರು. ಆ ತಾಯಿ ತೀರಿಕೊಂಡಾಗ ವಿಲ್ಲಿಸ್‌ಗೆ ಬರೀ 11 ವರ್ಷ.

ಮುಂದೆ ಓದಬೇಕು ಅನ್ನುವ ಆಸೆ ಇತ್ತು, ಮನೆಯಲ್ಲಿ ದುಡ್ಡಿರಲಿಲ್ಲ. ದೇಶದಲ್ಲೇ ಆರ್ಥಿಕ ಮುಗ್ಗಟ್ಟು, ಬೆಳೆದ ಬೆಳೆಗೆ ಬೆಲೆ ಇಲ್ಲದ ಕಾಲ. ಸ್ವಲ್ಪ ದಿನ ಶಾಲೆಯಲ್ಲಿ ಪಾಠ ಮಾಡಿದರು. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಊಟ ವಸತಿಯ ಖರ್ಚಿಗೆ ಹುಲ್ಲು ಕತ್ತರಿಸಿದರು, ಮನೆಗಳ ಒಲೆಗೆ ಕಲ್ಲಿದ್ದಲು ಹಾಕಿದರು, ಗೆಳೆಯನ ಜೊತೆ ಸೇರಿ ವಿದ್ಯಾರ್ಥಿಗಳ ಬಟ್ಟೆ ಒಗೆಸಿಕೊಡುವ ಲಾಂಡ್ರಿ ಶುರು ಮಾಡಿದರು. 1901ರಲ್ಲಿ ಎಂಜಿನಿಯರಿಂಗ್ ಮುಗಿಯಿತು.

ಶುರುವಾಗಿದ್ದು ಬಿಸಿಯಿಂದ

ಮೊದಲ ಕೆಲಸ ಸಿಕ್ಕಿದ್ದು ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ. ಸಂಬಳ ವಾರಕ್ಕೆ 10 ಡಾಲರ್. ಕಂಪನಿ ಮಾಡುತ್ತಿದ್ದದ್ದು ದೊಡ್ಡ ದೊಡ್ಡ ಬ್ಲೋವರ್ ಫ್ಯಾನುಗಳು, ಚಳಿಗೆ ಕಟ್ಟಡ ಬೆಚ್ಚಗಿಡುವ ಹೀಟರುಗಳು, ಮರ ಮತ್ತು ಕಾಫಿ ಬೀಜ ಒಣಗಿಸುವ ಯಂತ್ರಗಳು. ಹಾಗಾಗಿ ಜಗತ್ತಿಗೆ ಎಸಿ ಕೊಟ್ಟ ಮನುಷ್ಯನ ಮೊದಲ ಕಸುಬು ಬಿಸಿ ಮಾಡುವುದೇ ಆಗಿತ್ತು.

ಅಲ್ಲಿ ಅವರು ಕಂಡ ಒಂದು ವಿಷಯ ಇಂದಿನ ಅಂಗಡಿ ಮಾಲೀಕರಿಗೂ ಹೊಸದಲ್ಲ. ಇಷ್ಟು ಜಾಗಕ್ಕೆ ಎಷ್ಟು ದೊಡ್ಡ ಹೀಟರ್ ಬೇಕು ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಎಲ್ಲ ಅಂದಾಜು. ಕಡಿಮೆ ಬಿದ್ದರೆ ಬೈಗುಳ ಅಂತ ಒಂದಿಷ್ಟು ಜಾಸ್ತಿಯೇ ಹಾಕುತ್ತಿದ್ದರು, ಆ ಜಾಸ್ತಿಯ ಖರ್ಚು ಯಾರಾದರೂ ಹೊರಬೇಕಿತ್ತು. ಕ್ಯಾರಿಯರ್ ಬಿಡುವಿನ ವೇಳೆಯಲ್ಲಿ ಅಳೆಯಲು ಕೂತರು. ಉಗಿ ಹರಿಯುವ ಪೈಪಿನ ಸುರುಳಿ ಮೇಲೆ ಗಾಳಿ ಹಾಯಿಸಿದರೆ ಆ ಗಾಳಿ ಎಷ್ಟು ಬಿಸಿಯಾಗುತ್ತೆ, ಯಾವ ವೇಗದಲ್ಲಿ ಎಷ್ಟು, ಅಂತ ಪಟ್ಟಿ ಮಾಡಿದರು. ಆ ಪಟ್ಟಿಯಿಂದ ಕಂಪನಿಗೆ ದುಡ್ಡು ಉಳಿಯಿತು. ಹೊಸದಾಗಿ ಸೇರಿದ ಹುಡುಗನ ಕೈಗೆ ಒಂದು ಪ್ರಯೋಗಾಲಯವೇ ಬಂತು.

ಬಣ್ಣ ಕೂಡದ ಪ್ರೆಸ್

1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್ ಅಂಡ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಿಂದ ತೊಂದರೆಯ ಸುದ್ದಿ ಬಂತು. ಜಡ್ಜ್ ಎಂಬ ಹೆಸರಿನ ಬಣ್ಣದ ಹಾಸ್ಯ ಪತ್ರಿಕೆ ಅಲ್ಲಿ ಅಚ್ಚಾಗುತ್ತಿತ್ತು. ಒಂದೇ ಹಾಳೆಯ ಮೇಲೆ ಒಂದಾದ ಮೇಲೆ ಒಂದು ಬಣ್ಣ ಒತ್ತಬೇಕು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಕಾಗದ ಹಿಗ್ಗುತ್ತೆ, ಕಡಿಮೆಯಾದರೆ ಕುಗ್ಗುತ್ತೆ. ಕೂದಲೆಳೆಯಷ್ಟು ವ್ಯತ್ಯಾಸ ಆದರೂ ಕೆಂಪಿನ ಮೇಲೆ ನೀಲಿ ಸರಿಯಾಗಿ ಕೂರಲ್ಲ, ಚಿತ್ರ ಕೆಡುತ್ತೆ. ಬೇಸಿಗೆಯಲ್ಲಿ ಕೆಟ್ಟ ಹಾಳೆಗಳ ರಾಶಿ, ತಡವಾಗುವ ಸಂಚಿಕೆ. ಮಳೆಗಾಲದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಕ್ಯಾರಿಯರ್ ಮೊದಲು ಮಾಡಿದ ಪ್ರಯೋಗ ಕೈಕೊಟ್ಟಿತು. ಉಪ್ಪಿನಂತೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಗೋಣಿಬಟ್ಟೆ ಅದ್ದಿ, ಅದರ ಮೂಲಕ ಗಾಳಿ ಹಾಯಿಸಿದರು. ಗಾಳಿ ಒಣಗಿತು ನಿಜ, ಆದರೆ ಆ ಉಪ್ಪು ಗಾಳಿಯ ಜೊತೆಗೇ ಬರತೊಡಗಿತು. ಪ್ರೆಸ್ಸಿನ ಯಂತ್ರಗಳು ತುಕ್ಕು ಹಿಡಿಯೋದು ಗ್ಯಾರಂಟಿ. ಅದನ್ನು ಬಿಟ್ಟರು.

ಆಮೇಲೆ ತಮಗೆ ಗೊತ್ತಿದ್ದ ಹೀಟರನ್ನೇ ತಿರುಗಿಸಿ ಯೋಚಿಸಿದರು. ಪೈಪಿನ ಸುರುಳಿಯಲ್ಲಿ ಉಗಿಯ ಬದಲು ತಣ್ಣೀರು ಬಿಟ್ಟರೆ? ತಣ್ಣಗಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಮೈಮೇಲೆ ನೀರು ಕೂರುವ ಹಾಗೆ, ಗಾಳಿಯ ತೇವ ಆ ಪೈಪಿನ ಮೇಲೆ ಇಳಿಯುತ್ತೆ. ಉಳಿದ ಗಾಳಿ ಒಣಗಿರುತ್ತೆ. ಆ ಯೋಜನೆಯ ನಕ್ಷೆಗಳ ಮೇಲಿರುವ ತಾರೀಕು 1902ರ ಜುಲೈ 17. ಇಂದಿನ ಎಸಿಯ ಜನ್ಮದಿನ ಅಂತ ಲೆಕ್ಕ ಹಿಡಿಯೋದು ಇದೇ ದಿನವನ್ನು. ಒಂದು ಸುರುಳಿಗೆ ಕೊಳವೆ ಬಾವಿಯ ತಣ್ಣೀರು, ಇನ್ನೊಂದಕ್ಕೆ ಅಮೋನಿಯಾ ಯಂತ್ರದ ತಂಪು. ಚಳಿಗಾಲದಲ್ಲಿ ಗಾಳಿ ತೀರಾ ಒಣಗಿದರೆ ಉಗಿ ಬಿಟ್ಟು ತೇವ ಕೊಡುವ ವ್ಯವಸ್ಥೆಯೂ ಇತ್ತು. ಗುರಿ ಒಂದೇ: ವರ್ಷವಿಡೀ ಗಾಳಿಯ ತೇವ ಶೇ. 55ರಲ್ಲಿ ನಿಲ್ಲಬೇಕು.

ಟನ್ ಅಂದರೆ ಯಂತ್ರದ ತೂಕ ಅಲ್ಲ

ಆ ಪ್ರೆಸ್ಸಿಗೆ ಕೊಟ್ಟ ತಂಪಿನ ಲೆಕ್ಕವನ್ನು ಮಂಜುಗಡ್ಡೆಯಲ್ಲಿ ಹೇಳುತ್ತಿದ್ದರು. ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿದರೆ ಎಷ್ಟು ತಂಪಾಗುತ್ತೋ ಅಷ್ಟು. ಅಮೆರಿಕದ ಒಂದು ಟನ್ ಅಂದರೆ 2,000 ಪೌಂಡ್, ಸುಮಾರು 907 ಕಿಲೋ. ಹಾಗಾಗಿ ಅದು 54 ಟನ್.

ಇವತ್ತು ಅಂಗಡಿಗೆ ಒಂದು ಟನ್ ಸಾಕಾ, ಒಂದೂವರೆ ಟನ್ ಬೇಕಾ ಅಂತ ಕೇಳುವಾಗ ಬರುವ ಟನ್ ಇದೇ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖ ಅದು. ಆ ಲೆಕ್ಕದಲ್ಲಿ ಬ್ರೂಕ್ಲಿನ್ ಪ್ರೆಸ್ಸಿಗೆ ಹಾಕಿದ ತಂಪು ಇಂದಿನ ಒಂದೂವರೆ ಟನ್‌ನ 36 ಎಸಿಗಳಿಗೆ ಸಮ.

ತಂಪು ಮಾಡುವ ಯಂತ್ರ ಕ್ಯಾರಿಯರ್‌ಗಿಂತ ಮೊದಲೇ ಇತ್ತು ಅನ್ನೋದನ್ನೂ ಹೇಳಬೇಕು. ಫ್ಲಾರಿಡಾದ ಜಾನ್ ಗೋರಿ ಎಂಬ ವೈದ್ಯರು ಜ್ವರದ ರೋಗಿಗಳ ಕೋಣೆ ತಂಪು ಮಾಡಲು ಹೊರಟು, ಮಂಜುಗಡ್ಡೆ ಮಾಡುವ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದಿದ್ದರು. ಅದಕ್ಕೆ ಬಂಡವಾಳ ಹಾಕುವವರು ಸಿಗದೆ 1855ರಲ್ಲಿ ನೊಂದೇ ತೀರಿಕೊಂಡರು. ಗಾಳಿಯ ತೇವವನ್ನು ಬೇಕಾದಷ್ಟಕ್ಕೆ ತಂದು ನಿಲ್ಲಿಸುವ ಲೆಕ್ಕ ಕ್ಯಾರಿಯರ್ ಅವರದ್ದು.

ಮಂಜು ಕವಿದ ಪ್ಲಾಟ್‌ಫಾರಂ

ಆ ಲೆಕ್ಕ ಹೊಳೆದಿದ್ದು ಒಂದು ರೈಲ್ವೆ ಪ್ಲಾಟ್‌ಫಾರಂ ಮೇಲೆ. 1902ರ ಕೊನೆಯ ಭಾಗ, ಪಿಟ್ಸ್‌ಬರ್ಗ್ ಸ್ಟೇಷನ್. ರೈಲಿಗೆ ಕಾಯುತ್ತಿದ್ದ ಕ್ಯಾರಿಯರ್ ಸುತ್ತ ಮಂಜು ಕವಿದಿತ್ತು. ಬೇರೆಯವರಾದರೆ ರೈಲು ತಡ ಅಂತ ಬೇಸರ ಮಾಡಿಕೊಳ್ಳುತ್ತಿದ್ದರು. ಇವರು ಮಂಜನ್ನೇ ನೋಡುತ್ತಾ ನಿಂತರು.

ಮಂಜು ಅಂದರೆ ಇನ್ನು ಒಂದು ಹನಿಯನ್ನೂ ಹಿಡಿಯಲಾಗದಷ್ಟು ತೇವ ತುಂಬಿದ ಗಾಳಿ. ಆದರೂ ಆ ಗಾಳಿಯಲ್ಲಿ ಒಟ್ಟು ನೀರು ಕಡಿಮೆಯೇ, ಯಾಕಂದ್ರೆ ಅದು ತಣ್ಣಗಿದೆ. ತಣ್ಣನೆ ಗಾಳಿ ಹೆಚ್ಚು ನೀರು ಹಿಡಿದಿಟ್ಟುಕೊಳ್ಳಲ್ಲ. ಹಾಗಾದರೆ ತಣ್ಣೀರನ್ನು ತುಂತುರಾಗಿ ಸಿಂಪಡಿಸಿ ತಾನೇ ಮಂಜು ಮಾಡಿದರೆ? ಆ ನೀರಿನ ತಂಪು ಎಷ್ಟು ಅಂತ ಹಿಡಿತದಲ್ಲಿಟ್ಟರೆ ಗಾಳಿಯಲ್ಲಿ ಉಳಿಯುವ ತೇವವೂ ಹಿಡಿತಕ್ಕೆ ಬಂದಂತೆ. ಆಮೇಲೆ ಗಾಳಿಯನ್ನು ಬೇಕಾದಷ್ಟು ಬೆಚ್ಚಗೆ ಮಾಡಿಕೊಂಡರಾಯ್ತು.

ನೀರು ಸಿಂಪಡಿಸಿ ಗಾಳಿ ಒಣಗಿಸುವುದು ಅಂದರೆ ಕೇಳಿದವರು ನಗುವ ಮಾತು. ಆದರೆ ಕೆಲಸ ಮಾಡಿತು. 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು. ಏರ್ ಕಂಡೀಷನಿಂಗ್ ಎಂಬ ಹೆಸರು ಮಾತ್ರ ಇವರು ಇಟ್ಟಿದ್ದಲ್ಲ. ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಗಿರಣಿ ಎಂಜಿನಿಯರ್ ಅದೇ 1906ರಲ್ಲಿ ಆ ಪದ ಬಳಸಿದರು, ಕ್ಯಾರಿಯರ್ ಅದನ್ನೇ ಹಿಡಿದುಕೊಂಡರು.

ನೂಲು ಹರಿಯುತ್ತೆ ಅಂತ ಹತ್ತಿ ಗಿರಣಿಯವರು ಬಂದರು, ರೇಷ್ಮೆ ಗಿರಣಿಯವರು ಬಂದರು. 1907ರಲ್ಲಿ ಜಪಾನಿನ ಯೊಕೊಹಾಮಾದ ರೇಷ್ಮೆ ಗಿರಣಿಗೂ ಯಂತ್ರ ಹೋಯಿತು. ಗಿರಣಿಗಳಲ್ಲಿ ಅವರಿಗೆ ಇನ್ನೊಂದು ಪಾಠ ಆಯಿತು. ಹೊರಗಿನ ಬಿಸಿಲನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ತಿರುಗುವ ಯಂತ್ರ, ಉರಿಯುವ ದೀಪ, ಒಳಗೆ ಕೆಲಸ ಮಾಡುವ ಜನ, ಎಲ್ಲವೂ ಶಾಖ ಕೊಡುತ್ತವೆ.

1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಸಭೆಯಲ್ಲಿ ತಮ್ಮ ಸೂತ್ರಗಳನ್ನೆಲ್ಲ ಮಂಡಿಸಿದರು. ಗಾಳಿಯ ಬಿಸಿ, ತೇವ, ಇಬ್ಬನಿ ಕಟ್ಟುವ ಹಂತ, ಇವುಗಳ ಸಂಬಂಧವನ್ನು ಒಂದು ಹಾಳೆಯ ಗೆರೆಗಳಲ್ಲಿ ತೋರಿಸುವ ಸೈಕ್ರೋಮೆಟ್ರಿಕ್ ಚಾರ್ಟ್ ಅನ್ನು ಎಸಿ ಕೋರ್ಸ್ ಮಾಡುವ ಹುಡುಗರು ಇವತ್ತಿಗೂ ಓದುತ್ತಾರೆ. ಕೆಲಸದ ಮಧ್ಯೆ ಮನೆ ಕಡೆಯ ದುಃಖವೂ ಬಂತು. 1912ರಲ್ಲಿ ಹೆಂಡತಿ ಎಡಿತ್ ತೀರಿಕೊಂಡರು.

ಏಳು ಜನ, 32,600 ಡಾಲರ್

1914ರಲ್ಲಿ ಮಹಾಯುದ್ಧ ಶುರುವಾಯಿತು. ಮುಂದೇನೋ ಎಂಬ ಭಯಕ್ಕೆ ಬಫಲೋ ಫೋರ್ಜ್ ಕಂಪನಿ ಬರೀ ಯಂತ್ರ ತಯಾರಿಕೆ ಇಟ್ಟುಕೊಂಡು, ಏರ್ ಕಂಡೀಷನಿಂಗ್ ವಿಭಾಗ ಮುಚ್ಚುವ ತೀರ್ಮಾನ ಮಾಡಿತು. ಜೊತೆಗಿದ್ದ ಯುವ ಎಂಜಿನಿಯರುಗಳ ಕೆಲಸಕ್ಕೆ ಕುತ್ತು. ಕ್ಯಾರಿಯರ್‌ಗೆ ಆಗ 38 ವರ್ಷ.

ಕ್ಯಾರಿಯರ್, ಅವರ ಹಳೆಯ ಜೊತೆಗಾರ ಇರ್ವಿನ್ ಲೈಲ್ ಮತ್ತು ಇನ್ನೂ ಐದು ಜನ ಸೇರಿದರು. ಕೈಯಲ್ಲಿದ್ದ ಉಳಿತಾಯ ಒಟ್ಟು ಮಾಡಿದರೆ 32,600 ಡಾಲರ್ ಆಯಿತು. ಯುದ್ಧದ ಕಾಲದಲ್ಲಿ, ಹೆಚ್ಚಿನವರು ಕೇಳಿಯೇ ಇರದ ವ್ಯಾಪಾರಕ್ಕೆ ಮನೆಯ ದುಡ್ಡು ಹಾಕುವುದು ಅಂದರೆ ಸಣ್ಣ ಮಾತಲ್ಲ. 1915ರ ಜೂನ್ 26ರಂದು ಕ್ಯಾರಿಯರ್ ಎಂಜಿನಿಯರಿಂಗ್ ಕಾರ್ಪೊರೇಷನ್ ಶುರುವಾಯಿತು. ಮೊದಲಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಅವರ ಹತ್ತಿರ ಮಾರಲು ಇದ್ದ ಸರಕು ಅಂದರೆ ಲೆಕ್ಕ. ಗಿರಾಕಿಯ ಜಾಗ ನೋಡುವುದು, ಅಳೆಯುವುದು, ಇಷ್ಟು ಬಿಸಿ, ಇಷ್ಟು ತೇವ ಅಂತ ಬರೆದುಕೊಟ್ಟು ಅದಕ್ಕೆ ಜವಾಬ್ದಾರರಾಗುವುದು. ಹೇಳಿದ ಫಲಿತಾಂಶಕ್ಕೆ ಗ್ಯಾರಂಟಿ ಕೊಡುವ ಪದ್ಧತಿಯನ್ನು ರೇಷ್ಮೆ ಗಿರಣಿಗಳ ಕಾಲದಿಂದಲೇ ಅವರು ಇಟ್ಟುಕೊಂಡಿದ್ದರು.

ಗಿರಾಕಿ ತಲೆಸುತ್ತಿ ಬಿದ್ದಾಗ

ಆವರೆಗೆ ತಂಪು ಬೇಕಿದ್ದದ್ದು ಕಾಗದಕ್ಕೆ, ನೂಲಿಗೆ. ಮನುಷ್ಯರ ಸರದಿ ಬಂದಿದ್ದು ಯಂತ್ರ ಬದಲಾದ ಮೇಲೆ. ಅಮೋನಿಯಾ ಯಂತ್ರಗಳು ದೈತ್ಯ ಗಾತ್ರದವು, ಸೋರಿದರೆ ವಿಷ. ಜನ ಸೇರುವ ಕಡೆ ಇಡಲು ಧೈರ್ಯ ಸಾಲದು. ಕ್ಯಾರಿಯರ್ ಚಕ್ರದಂತೆ ವೇಗವಾಗಿ ತಿರುಗುವ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ಮಾಡಿದರು. ಅದರಲ್ಲಿ ಅಮೋನಿಯಾಕ್ಕಿಂತ ಅಪಾಯ ಕಡಿಮೆ ಇರುವ ಡೈಲೀನ್ ಎಂಬ ದ್ರವ ಬಳಸಿದರು. 1922ರ ಮೇ ತಿಂಗಳಲ್ಲಿ ನೆವಾರ್ಕ್ ನಗರದಲ್ಲಿ ಅದನ್ನು ಎಲ್ಲರ ಮುಂದೆ ಓಡಿಸಿ ತೋರಿಸಿದರು.

ಡೆಟ್ರಾಯಿಟ್‌ನ ಜೆ.ಎಲ್. ಹಡ್ಸನ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ರಿಯಾಯಿತಿ ಮಾರಾಟ ನಡೆಯುತ್ತಿತ್ತು. ಆಷಾಢ ಸೇಲ್‌ನಂತೆ ಜನ ನುಗ್ಗುತ್ತಿದ್ದರು. ಗಾಳಿಯಾಡದ ಜಾಗದಲ್ಲಿ ಸೆಕೆಗೆ ಗಿರಾಕಿಗಳು ತಲೆಸುತ್ತಿ ಬೀಳುತ್ತಿದ್ದರು. 1924ರಲ್ಲಿ ಅಲ್ಲಿ ಕ್ಯಾರಿಯರ್ ಕಂಪನಿಯ ಮೂರು ಯಂತ್ರಗಳು ಕೂತವು. ಗಿರಾಕಿಗಳು ಆರಾಮಾಗಿ ನಿಂತು ಸಾಮಾನು ಆರಿಸತೊಡಗಿದರು, ವ್ಯಾಪಾರ ಏರಿತು. ತಂಪು ಅನ್ನೋದು ಗಲ್ಲಾಪೆಟ್ಟಿಗೆಗೂ ಸಂಬಂಧಪಟ್ಟ ವಿಷಯ ಅಂತ ಅಂಗಡಿಯವರಿಗೆ ಗೊತ್ತಾಗಿದ್ದು ಹೀಗೆ.

ಮರುವರ್ಷ ಸಿನಿಮಾದವರ ಸರದಿ. ಬೇಸಿಗೆ ಬಂದರೆ ಎಷ್ಟೋ ಥಿಯೇಟರ್‌ಗಳಿಗೆ ಬೀಗ ಬೀಳುತ್ತಿದ್ದ ಕಾಲ. 1925ರ ಮೇ ಕೊನೆಯಲ್ಲಿ, ರಜೆಯ ವಾರಾಂತ್ಯದಲ್ಲಿ, ನ್ಯೂಯಾರ್ಕ್‌ನ ರಿವೋಲಿ ಥಿಯೇಟರ್‌ನಲ್ಲಿ ತಂಪು ಪ್ರದರ್ಶನ ಅಂತ ಪ್ರಚಾರ ಆಗಿತ್ತು. ಸಿನಿಮಾ ಉದ್ಯಮಿ ಅಡಾಲ್ಫ್ ಝೂಕರ್ ಸ್ವತಃ ಬಂದು ಬಾಲ್ಕನಿಯಲ್ಲಿ ಕೂತಿದ್ದರು. ಆದರೆ ಯಂತ್ರ ಶುರುವಾಗಿದ್ದು ತಡವಾಗಿ. ಬಾಗಿಲು ತೆಗೆದಾಗ ಹಾಲ್ ಇನ್ನೂ ಬೆಚ್ಚಗೇ ಇತ್ತು. ಸೀಟು ಸೀಟಿನಲ್ಲೂ ಜನ ಕೈ ಬೀಸಣಿಗೆ ಬೀಸುತ್ತಿದ್ದರು. ಹಿಂದೆ ನಿಂತಿದ್ದ ಕ್ಯಾರಿಯರ್ ತಂಡಕ್ಕೆ ಒಂದೊಂದು ನಿಮಿಷವೂ ಭಾರ. ನಿಧಾನಕ್ಕೆ ತಂಪು ಹರಡಿತು. ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಕೊನೆಗೆ ಯಾರೂ ಬೀಸುತ್ತಿರಲಿಲ್ಲ. ಜನರಿಗೆ ಇದು ಹಿಡಿಸುತ್ತೆ ಎಂಬ ಅರ್ಥದ ಮಾತನ್ನು ಝೂಕರ್ ಆಡಿದ ಮೇಲಷ್ಟೇ ಕ್ಯಾರಿಯರ್ ಉಸಿರು ಬಿಟ್ಟರು. ಮುಂದಿನ ಐದು ವರ್ಷದಲ್ಲಿ ಸುಮಾರು 300 ಥಿಯೇಟರ್‌ಗಳಿಗೆ ಇವರ ಕಂಪನಿ ಯಂತ್ರ ಹಾಕಿತು. 1928 ಮತ್ತು 1929ರಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳಿಗೂ ಹಾಕಿತು.

ಏಳು ಬೀಳು

1929ರ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ತಂಪು ಕೊಳ್ಳುವ ಶಕ್ತಿ ಯಾರಿಗೂ ಉಳಿಯಲಿಲ್ಲ. 1930ರಲ್ಲಿ ಇನ್ನೆರಡು ಕಂಪನಿಗಳ ಜೊತೆ ಸೇರಿ ಕ್ಯಾರಿಯರ್ ಕಂಪನಿ ಹೇಗೋ ಉಸಿರು ಹಿಡಿಯಿತು. ಸಣ್ಣ ಅಂಗಡಿ, ಹೋಟೆಲ್, ಆಫೀಸಿಗೆ ಹೊಂದುವ ಬೀರುವಿನಂಥ ಯಂತ್ರಗಳು ಬರತೊಡಗಿದ್ದು ಆ ದಶಕದಲ್ಲೇ. 1937ರಲ್ಲಿ ಕಂಪನಿ ಸಿರಾಕ್ಯೂಸ್ ನಗರಕ್ಕೆ ಬಂತು. 1939ರಲ್ಲಿ ಎರಡನೇ ಹೆಂಡತಿ ಜೆನ್ನಿಯೂ ತೀರಿಕೊಂಡರು. ಆಮೇಲೆ ಎಲಿಜಬೆತ್ ಎಂಬವರ ಜೊತೆ ಮದುವೆಯಾಯಿತು.

ಎರಡನೇ ಮಹಾಯುದ್ಧದಲ್ಲಿ ಅಂಗಡಿಗಳ ತಂಪಿನ ಯಂತ್ರಗಳನ್ನೇ ಕಿತ್ತು ಯುದ್ಧ ಸಾಮಗ್ರಿ ಕಾರ್ಖಾನೆಗಳಿಗೆ ಸಾಗಿಸಿದ್ದೂ ಉಂಟು. ಆಗಲೇ ಕ್ಯಾರಿಯರ್‌ಗೆ ಕ್ಲೀವ್‌ಲ್ಯಾಂಡ್‌ನಲ್ಲಿ ವಿಮಾನ ಪರೀಕ್ಷಿಸುವ ದೈತ್ಯ ಗಾಳಿ ಸುರಂಗದ ಕೆಲಸ ಬಂತು. ಆಕಾಶದ ಎತ್ತರದಲ್ಲಿರುವಷ್ಟು ಚಳಿ, ಅಂದರೆ ಮೈನಸ್ 55 ಡಿಗ್ರಿ ಸೆಲ್ಸಿಯಸ್ ಹತ್ತಿರ, ನೆಲದ ಮೇಲೆ ತರಬೇಕಿತ್ತು. ಅದನ್ನೂ ಮಾಡಿಕೊಟ್ಟರು. ತಮ್ಮ ಕೆಲಸಗಳಲ್ಲೆಲ್ಲ ಅದೇ ದೊಡ್ಡದು ಅಂತ ಅವರಿಗೆ ಅನಿಸಿತ್ತು.

ಲೆಕ್ಕದಲ್ಲಿ ಮುಳುಗಿದರೆ ಪ್ರಪಂಚ ಮರೆಯುವ ಮನುಷ್ಯ. ಒಮ್ಮೆ ಪ್ರಯಾಣಕ್ಕೆ ಸೂಟ್‌ಕೇಸ್ ಹೊತ್ತುಕೊಂಡು ಹೋಗಿ ತೆರೆದು ನೋಡಿದರೆ ಒಳಗೆ ಒಂದು ಕರವಸ್ತ್ರ ಮಾತ್ರ ಇತ್ತಂತೆ. 1950ರ ಅಕ್ಟೋಬರ್ 7ರಂದು, 73ನೇ ವಯಸ್ಸಿನಲ್ಲಿ ಕ್ಯಾರಿಯರ್ ತೀರಿಕೊಂಡರು. ಮನೆ ಮನೆಗೆ ಎಸಿ ಬಂದಿದ್ದು ಅವರು ಹೋದ ಮೇಲೆ.

ಅಂಗಡಿಗೆ ಉಳಿದ ಲೆಕ್ಕ

ಅವರು ಬಿಟ್ಟುಹೋದದ್ದರಲ್ಲಿ ಎರಡನೇ ಪುಟವೂ ಇದೆ. ಒಳಗಿನ ಬಿಸಿ ಎಲ್ಲೂ ಮಾಯ ಆಗಲ್ಲ. ಹೊರಗಿನ ಯೂನಿಟ್‌ನಿಂದ ಫುಟ್‌ಪಾತ್ ಕಡೆಗೆ ಬರುತ್ತೆ, ಅಲ್ಲಿ ಹೂ ಮಾರುವ ಅಮ್ಮನ ಮುಖಕ್ಕೆ ಹೊಡೆಯುತ್ತೆ. ಮುಂದೆ ಬಂದ ಕೆಲವು ಗ್ಯಾಸುಗಳಿಂದ ಓಝೋನ್ ಪದರಕ್ಕೇ ಪೆಟ್ಟು ಬಿದ್ದು, 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕರೆಂಟ್ ಬಿಲ್ ವಿಷಯ ಅಂಗಡಿ ಮಾಲೀಕರಿಗೆ ಹೇಳುವುದೇ ಬೇಡ.

ಅದಕ್ಕೇ ಕ್ಯಾರಿಯರ್ ಅವರ ಹಳೇ ಪದ್ಧತಿ ಈಗಲೂ ಬೆಲೆಯುಳ್ಳದ್ದು. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖ ಕೊಡುತ್ತಾನೆ, ಉಸಿರು ಬೆವರಿನಲ್ಲಿ ತೇವವನ್ನೂ ಬಿಡುತ್ತಾನೆ. ಹತ್ತು ಗಿರಾಕಿ ನಿಂತರೆ ಒಂದು ಹೀಟರ್ ಇಟ್ಟ ಹಾಗೆ. ಸಾಲು ದೀಪ, ಫ್ರಿಜ್, ಪಶ್ಚಿಮಕ್ಕೆ ಮುಖ ಮಾಡಿದ ಗಾಜು, ಸದಾ ತೆರೆದಿರುವ ಶಟರ್, ಎಲ್ಲ ಲೆಕ್ಕಕ್ಕೆ ಬರಬೇಕು. ಬರೀ ಚದರ ಅಡಿ ಕೇಳಿ ಟನ್ ಹೇಳಿದರೆ ಅದು ಬಫಲೋ ಕಾಲದ ಅಂದಾಜೇ. ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿಸಿದರೆ ರೂಮು ಬೇಗ ತಣ್ಣಗಾಗಿ ಯಂತ್ರ ನಿಂತುಬಿಡುತ್ತೆ, ತೇವ ಒಳಗೇ ಉಳಿಯುತ್ತೆ. ಆಗ ಚಳಿಯೂ ಹೌದು, ಜಿಗುಟೂ ಹೌದು. ಹಪ್ಪಳ, ಬಿಸ್ಕತ್ತು, ಕಾಗದ ಇಟ್ಟ ಅಂಗಡಿಗೆ ಅದು ನಷ್ಟ.

ಸಂದಿಯ ಪೈಪಿನಿಂದ ಬೀಳುವ ನೀರು ಆ ತೇವ ಹೊರಗೆ ಬರ್ತಿದೆ ಅನ್ನೋದಕ್ಕೆ ಸಾಕ್ಷಿ. ಮಳೆಗಾಲದ ಜಿಗುಟು ದಿನದಲ್ಲೂ ಎಸಿ ಓಡುತ್ತಿದ್ದು ಪೈಪ್ ಒಣಗಿದ್ದರೆ, ಇಲ್ಲ ನೀರು ಒಳಗೋಡೆಯ ಮೇಲೆ ಇಳಿಯುತ್ತಿದ್ದರೆ, ಫಿಲ್ಟರ್ ಕಟ್ಟಿರಬಹುದು, ಪೈಪ್ ಕಟ್ಟಿರಬಹುದು, ಗ್ಯಾಸ್ ಕಡಿಮೆ ಆಗಿರಬಹುದು. ಮೆಕ್ಯಾನಿಕ್‌ನ ಕರೆಸಿ ತೋರಿಸೋದು ಒಳ್ಳೇದು. ನೀರು ಸರಿಯಾಗಿ ಬೀಳ್ತಾ ಇದ್ದರೆ ಕೆಳಗೊಂದು ಬಕೆಟ್ ಇಟ್ಟರಾಯ್ತು. ಕುಡಿಯಲು ಆಗಲ್ಲ, ಅಂಗಡಿ ಮುಂದಿನ ನೆಲ ಒರೆಸಲು ಆಗುತ್ತೆ, ಪಕ್ಕದವರ ಜೊತೆ ಜಗಳವೂ ತಪ್ಪುತ್ತೆ.